ಮಣ್ಣು ಮುಚ್ಚಿದ ಬುಡ

೨೦೦೩ರ ಬೇಸಿಗೆ. ಯಲಬುರ್ಗಾ ಕಡೆಯ ಗುಡ್ಡದ ಮೇಲೆ ಗೂಟ ಹೊಡೆದು, ಹಗ್ಗ ಎಳೆದು ಮಾಡಿದ ಚೌಕದೊಳಗೆ ರಂಜಿತಾ ಗಿಡ ಎಣಿಸುತ್ತಿದ್ದಳು. ಗಂಗಾವತಿಯ ಹುಡುಗಿ, ಧಾರವಾಡದಲ್ಲಿ ಗಿಡಮರಗಳನ್ನೇ ಓದಿದವಳು. ಹಗ್ಗದ ತುದಿ ಹಿಡಿದವಳು ರಾಜಾಬೀ. ಈ ಗುಡ್ಡದ ಸೌದೆ, ಸೀತಾಫಲ ಹೊತ್ತು ಕುಕನೂರಿನ ಸಂತೆಗೆ ಹೋಗಿ ಮೂವತ್ತು ವರ್ಷ ಮನೆ ನಡೆಸಿದವಳು; ಗಿಡಗಳ ಹೆಸರು ಹೇಳಲೆಂದು ಕೂಲಿಗೆ ಬಂದಿದ್ದಳು.

ಗುಡ್ಡವನ್ನು ಕಲ್ಲುಗಣಿಗೆ ಕೊಡಬೇಕೋ ಬೇಡವೋ ಎಂಬುದು ಈ ಎಣಿಕೆಯ ಮೇಲೆ ನಿಂತಿತ್ತು. ಎಷ್ಟು ಜಾತಿ ಇವೆ ಎಂದಷ್ಟೇ ನೋಡಿದರೆ ಸಾಲದು, ಒಂದೇ ಜಾತಿ ಉಳಿದವನ್ನೆಲ್ಲ ತುಳಿದು ನಿಂತಿದೆಯೋ ಎಂದೂ ನೋಡಬೇಕು. ಸಂಜೆಯೊಳಗೆ ವರದಿ ಕೊಪ್ಪಳಕ್ಕೆ ಮುಟ್ಟಬೇಕಿತ್ತು.

ರಂಜಿತಾ ಪುಸ್ತಕ ಮಡಚಿದಳು. "ನೂರರಾಗ ಎಂಬತ್ತು ದಿಂಡಿಗಾನ ಅದಾವ ನೋಡ್ರಿ. ತಪಸಿ, ಬಿಕ್ಕಿ, ಕಗ್ಗಲಿ ಎಲ್ಲಾ ಸೇರಿ ಇಪ್ಪತ್ತು. ಇಂಥಾ ಅಡವಿ ಉಳಸ್ರಿ ಅಂತ ಹ್ಯಾಂಗ ಬರೀಲಿ?"

"ಬರೀಬ್ಯಾಡ್ರಿ," ಎಂದ ಫಾರೆಸ್ಟ್ ಗಾರ್ಡ್ ಅಮರಪ್ಪ, ಬಂಡೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ. "ಗಣಿ ಆದ್ರ ನಂದೂ ಕಾಯೋದು ತಪ್ಪತೈತಿ."

ರಾಜಾಬೀಗೆ ಗೊತ್ತಿತ್ತು: ಆ ಎಂಬತ್ತು ಎಂಬತ್ತಲ್ಲ. ದಿಂಡಿಗವನ್ನು ನೆಲಮಟ್ಟಕ್ಕೆ ಕಡಿದು, ಗಾರ್ಡಿಗೆ ಕಾಣದಂತೆ ಬುಡಕ್ಕೆ ಮಣ್ಣು, ಕಲ್ಲು ಎಳೆದು ಮುಚ್ಚುವುದು ಸೌದೆ ಹೆಂಗಸರ ವಾಡಿಕೆ. ಮುಚ್ಚಿದ ಬುಡದಿಂದಲೇ ನಾಲ್ಕೈದು ಚಿಗುರು ಏಳುತ್ತವೆ, ಹತ್ತು ವರ್ಷಕ್ಕೆ ಬೇರೆ ಬೇರೆ ಗಿಡಗಳಂತೆ ದಪ್ಪಗಾಗಿ ನಿಲ್ಲುತ್ತವೆ. ಅಮರಪ್ಪನ ಕಣ್ಣಿಗೆ ಎರಚಿದ ಮಣ್ಣು ಈಗ ಓದಿದ ಹುಡುಗಿಯ ಕಣ್ಣಿಗೂ ಬಿದ್ದಿತ್ತು!

ಹೇಳಿದರೆ? ನಾದಿನಿ ಹಸನಬೀ ಒಂದೇ ಒಂದು ಮರ ಕಡಿದು ಸಿಕ್ಕಿಬಿದ್ದು ಎರಡು ವರ್ಷ ಕೋರ್ಟಿಗೆ ಅಲೆದಿದ್ದಳು. ಹೇಳದಿದ್ದರೆ ಗುಡ್ಡವೇ ಇಲ್ಲ. ರಾಜಾಬೀಗೆ ಸಿಟ್ಟು ಬಂತು, ಅಮರಪ್ಪನ ಮೇಲೆ, ಹುಡುಗಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ. ಅಷ್ಟರಲ್ಲಿ ರಂಜಿತಾ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

"ನಿಂದರ್ರಿ ಅಕ್ಕಾರ!"

ರಾಜಾಬೀ ಕುಕ್ಕರುಗಾಲಲ್ಲಿ ಕೂತು ಐದು ದಿಂಡಿಗಗಳ ನಡುವಿನ ಕಲ್ಲು ಕಿತ್ತೆಸೆದಳು, ಮಣ್ಣು ಬಾಚಿದಳು. ಕೊಡಲಿ ಏಟು ತಿಂದ ಕಪ್ಪು ಬುಡ ಕಾಣಿಸಿತು. ಐದೂ ಅದರ ಅಂಚಿನಿಂದಲೇ ಎದ್ದಿದ್ದವು.

"ಇವು ಐದಲ್ರಿ, ಒಂದ."

ರಂಜಿತಾ ಬಗ್ಗಿ ನೋಡಿದಳು. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. ಪುಸ್ತಕ ಬಿಚ್ಚಿ, ಐದನ್ನು ಹೊಡೆದುಹಾಕಿ ಒಂದು ಎಂದು ಬರೆದಳು. "ಉಳದವೂ ಹಿಂಗ ಅದಾವೇನ್ರಿ?"

ರಾಜಾಬೀ ಉತ್ತರಿಸುವ ಮೊದಲೇ ಅಮರಪ್ಪ ಎದ್ದು ಬಂದ. ಬುಡ ನೋಡಿ, ಜೇಬಿನಿಂದ ತನ್ನ ಪುಸ್ತಕ ತೆಗೆದ. "ಇದನ್ನ ಕಡದವ್ರು ಯಾರಬೇ?"

"ನಾನರೀ."

"ಇದೊಂದನಾ?"

ಹೌದೆಂದರೆ ಒಂದೇ ಕೇಸು. ಆದರೆ ಒಂದು ಬುಡದಿಂದ ಗುಡ್ಡ ಉಳಿಯುವಷ್ಟು ಎಣಿಕೆ ಬದಲಾಗುವುದಿಲ್ಲ. ಹಗ್ಗದೊಳಗೆ ಇಂಥ ಹದಿನೈದು ಗುಪ್ಪೆಗಳಿದ್ದವು, ಒಂದೊಂದರ ಜಾಗವೂ ರಾಜಾಬೀಗೆ ಬಾಯಿಪಾಠ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಗುಪ್ಪೆಯ ಬಳಿ ಕೂತಳು.

"ಬರ್ಕೋರಿ ಇಬ್ರೂ," ಎಂದು ಕಲ್ಲು ಕೀಳತೊಡಗಿದಳು.