ನಿನ್ನೆಯ ಉಪಕಾರಕ್ಕೆ

ಉಪಕಾರ ಮಾಡಿದವರ ಮನೆಗೆ ಮಾರನೇ ದಿನ ಬೆಳಗ್ಗೆಯೇ ಹೋಗಿ 'ನಿನ್ನೆಯದಕ್ಕೆ ನಮಸ್ಕಾರ' ಅನ್ನಬೇಕು. ಅನ್ಲೋಗ ಊರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ರೀತಿ ಇದು. ಹೋಗದಿದ್ದರೆ ಮಾಡಿದ ಉಪಕಾರ ಮಣ್ಣುಪಾಲಾಯಿತು ಅಂತಲೇ ಅರ್ಥ. ಗಟ್ಟಿಮುಟ್ಟಾಗಿರುವವರಿಗೆ ಇದೇನು ಮಹಾ, ಅಪರೂಪಕ್ಕೊಮ್ಮೆ ಹೋಗಿಬಂದರೆ ಆಯಿತು. ಸಿತ್ಸೋಫೆಯ ಪಾಡು ಹಾಗಲ್ಲ. ಹುಟ್ಟಿನಿಂದಲೇ ರಕ್ತದಲ್ಲಿ ಸಿಕಲ್ ಸೆಲ್ ಕಾಯಿಲೆ. ಮೂಳೆಗಳಲ್ಲಿ ನೋವು ಎದ್ದಾಗಲೆಲ್ಲ ಯಾರೋ ನೀರು ತಂದುಕೊಡಬೇಕು, ಯಾರೋ ಎತ್ತಿ ಕೂರಿಸಬೇಕು. ಆಮೇಲೆ ಇವಳು ಸೊಂಟ ಹಿಡಿದುಕೊಂಡು ಮನೆಮನೆಗೂ ನಮಸ್ಕಾರ ಹೇಳುತ್ತಾ ತಿರುಗಬೇಕು. ಕಾಯಿಲೆಗಿಂತ ಈ ನಮಸ್ಕಾರವೇ ಜಾಸ್ತಿ ಸುಸ್ತು ಅಂತ ಒಮ್ಮೊಮ್ಮೆ ಅನ್ನಿಸುವುದು. ಥೂ, ಎಂಥಾ ಹೆಂಗಸು ನಾನು ಅಂತ ಮರುಕ್ಷಣವೇ ನಾಚಿಕೆಯಾಗುವುದು.

ಎಲ್ಲರಿಗಿಂತ ದೊಡ್ಡ ಋಣ ಎಲಿಕೆಮ್‌ದು. ಬಾಡಿಗೆಗೆ ಮೂರು ಚಕ್ರದ ಗಾಡಿ ಓಡಿಸುವ ಅವನು ಎಷ್ಟು ಹೊತ್ತಿನಲ್ಲಿ ಕರೆದರೂ ಬಂದು ಆಸ್ಪತ್ರೆ ಮುಟ್ಟಿಸುವವನು. ಕಳೆದ ಸಲ ಹಾಗೆ ಮುಟ್ಟಿಸಿ, ವಾಪಸ್ಸೂ ಕರೆತಂದು ಬಿಟ್ಟಿದ್ದ. ಮಾರನೇ ಬೆಳಗ್ಗೆ ಅವಳಿಗೆ ಕಾಲು ನೆಲಕ್ಕೆ ಊರಲಾಗಲಿಲ್ಲ. ರೀತಿ ತಪ್ಪಬಾರದಲ್ಲ, ಸೋದರಮಾವ ದೊಗ್ಬೆಯನ್ನು ಕೋಳಿ ಕೂಗುವ ಹೊತ್ತಿಗೇ ಕಳಿಸಿದಳು. ಮಾವ ಮುಖ ಊದಿಸಿಕೊಂಡು ಬಂದ.

"ನನ್ನ ನೋಡಿದ್ದೇ ತಡ, ಹಿಂದಿನ ಬಾಗಿಲಿಂದ ಓಡಿಹೋದ ಕಣೇ. ನಾನೇನು ಚಿರತೆನಾ?"

ಅವತ್ತಿನಿಂದ ದಾರಿಯಲ್ಲಿ ಸಿಕ್ಕರೂ ಎಲಿಕೆಮ್ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಅವನಿಗೂ ಸಾಕಾಗಿರಬೇಕು, ಯಾರಿಗೆ ತಾನೇ ಸಾಕಾಗಲ್ಲ, ಅಂದುಕೊಂಡಳು. ಆದರೆ ಮುಂದಿನ ಸಲ ನೋವು ಎದ್ದರೆ ಯಾರನ್ನು ಕರೆಯುವುದು? ಆ ಯೋಚನೆ ಬಂದರೆ ಅನ್ನ ಇಳಿಯುತ್ತಿರಲಿಲ್ಲ. ಕಾಲಿಗೆ ಒಂದಿಷ್ಟು ಬಲ ಬಂದ ದಿನ, ಈರುಳ್ಳಿ ಮಡಿಗಳ ನಡುವಿನ ದಾರಿಯಲ್ಲಿ ತಾನೇ ಹೊರಟಳು.

ಎಲಿಕೆಮ್ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ. ಇವಳನ್ನು ದೂರದಿಂದಲೇ ಕಂಡು, ಬಟ್ಟೆ ಕೈಯಲ್ಲಿ ಹಿಡಿದು ನೋಡುತ್ತಾ ನಿಂತ. ಬಂದ ಮೇಲೆ ಸ್ಟೂಲ್ ಎಳೆದುಕೊಟ್ಟ, ಕುಡಿಯಲು ನೀರು ಕೊಟ್ಟ.

"ಅವತ್ತಿನದಕ್ಕೆ ನಮಸ್ಕಾರ," ಅಂತ ಸಿತ್ಸೋಫೆ ಶುರುಮಾಡಿದಳು. ಮುಂದಿನದೆಲ್ಲ ಬಾಯಿಪಾಠವೇ, ಆದರೆ ಇವತ್ತು ಬಾಯಿಂದ ಬೇರೆಯೇ ಬಂತು. "ನನಗೂ ಸಾಕಾಗಿದೆ ಎಲಿಕೆಮ್. ಬರೋಕಾಗಲ್ಲ ಅಂದ್ರೆ ಬಾಯಿಬಿಟ್ಟು ಹೇಳು. ಹಿರಿಯ ಮನುಷ್ಯನ್ನ ನೋಡಿ ಓಡಿಹೋಗೋದು ಯಾವ ಮರ್ಯಾದೆ?"

"ನಿನ್ನ ಮಾವನಿಗೆ ಬುದ್ಧಿ ಬೇಡ್ವಾ?" ಅವನು ಬಟ್ಟೆ ಬಿಸಾಕಿದ. "ಇನ್ನೂ ಬೆಳಕು ಹರಿದಿಲ್ಲ. ನಿಮ್ಮನೆ ಹಿರಿಯ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತ್ರೆ ನಾನು ಏನಂದ್ಕೋಬೇಕು? ಆ ಹೊತ್ತಲ್ಲಿ ಹಿರಿಯರು ಏನು ಸುದ್ದಿ ಹೇಳೋಕೆ ಬರ್ತಾರೆ?"

ಸಾವಿನ ಸುದ್ದಿ. ಇನ್ನೇನು. ಮಾವನನ್ನು ಕಳಿಸುವಾಗ ತನಗೂ ಇದು ಹೊಳೆಯಲಿಲ್ಲವಲ್ಲ ಅಂದುಕೊಂಡಳು ಸಿತ್ಸೋಫೆ.

"ಕೇಳಿಸ್ಕೊಳ್ಳದಿದ್ರೆ ಅದು ಆಗೇ ಇಲ್ಲ ಅನ್ನಿಸ್ತು. ಓಡಿದೆ. ಮಧ್ಯಾಹ್ನ ನೋಡಿದ್ರೆ ನೀನು ಅಂಗಳದಲ್ಲಿ ಕೂತು ಗಂಜಿ ಕುಡೀತಿದೀಯ. ನನ್ನ ಪೆದ್ದುತನಕ್ಕೆ ನಾಚಿಕೆಯಾಗಿ ನಿನ್ನ ಮುಖ ನೋಡೋಕಾಗಲಿಲ್ಲ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನು ಬಂದು ಬಂದು ಹೇಳಿದ ನಮಸ್ಕಾರ?"

"ಅದನ್ನ ಯಾರು ಕೇಳಿಸ್ಕೊಂಡ್ರು? ನೀನು ಹೇಗೆ ನಡ್ಕೊಂಡು ಬರ್ತೀಯ ಅಂತ ನೋಡ್ತಿದ್ದೆ. ಇವತ್ತು ಎಡಗಾಲು ಎಳೀತಿದೀಯ."

ಸಿಟ್ಟು ಬಂತು. ಒಂದೊಂದು ಹೆಜ್ಜೆಗೂ ಹಲ್ಲುಕಚ್ಚಿ ಬಂದು ಹೇಳಿದ ಮಾತೆಲ್ಲ ಗಾಳಿಗೆ ಹೋಯಿತೇ? ಅದರ ಜೊತೆಗೇ ಎದೆಯೊಳಗೆ ಏನೋ ಹಗುರಾಯಿತು. ಇವಳು ಸತ್ತಳು ಅಂದುಕೊಂಡು ಓಡಿಹೋದ ಮನುಷ್ಯನಿಗೆ ಯಾವ ನಮಸ್ಕಾರ ಹೇಳುವುದು? ಎರಡರಲ್ಲಿ ಯಾವುದು ನಿಜವಾದ ಭಾವನೆ ಅಂತ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ.

ಏಳಲು ನೋಡಿದಳು, ಸೊಂಟ ಬಿಡಲಿಲ್ಲ. ಅವನು ಕೈ ಕೊಟ್ಟ.

"ಇನ್ಮೇಲೆ ನಡೆಯೋಕಾಗದ ದಿನ ನಾನು ಬರಲ್ಲ, ಯಾರನ್ನೂ ಕಳಿಸಲ್ಲ," ಅಂದಳು. "ನೀನೇ ಬಾ. ಬದುಕಿದೀನಾ ಅಂತ ನೋಡ್ಕೊಂಡು ಹೋಗು."

ಎಲಿಕೆಮ್ ತಲೆ ಕೆರೆದುಕೊಂಡ. ಉಪಕಾರ ಮಾಡಿದವನೇ ಮಾರನೇ ದಿನ ಎದ್ದು ಮಾಡಿಸಿಕೊಂಡವರ ಮನೆಗೆ ಹೋಗುವುದನ್ನು ಅವನು ಕೇಳಿಯೇ ಇರಲಿಲ್ಲ.

"ಬಂದು ಏನು ಹೇಳಲಿ?"

ಅದಕ್ಕೆ ಯಾವ ಬಾಯಿಪಾಠವೂ ಇರಲಿಲ್ಲ.