ಕುಟ್ಟಾಣಿಯ ಬಿಳಿ ಪುಡಿ

ಟಕ್, ಟಕ್, ಆಮೇಲೆ ಗರ್ರನೆ ಒಂದು ಸಲ ತಿರುವಿದ್ದು — ಇದು ಮೆಂತ್ಯ ಕುಟ್ಟುವ ಸದ್ದಲ್ಲ, ಮೆಂತ್ಯದ ಕಾಳು ಏಟು ಬಿದ್ದಾಗ ಚಟಚಟ ಸಿಡಿಯುತ್ತದೆ, ಇದು ಸೀಮೆಸುಣ್ಣ ಮುರಿದ ಹಾಗೆ ಮೆತ್ತಗೆ ಪುಡಿಯಾಗುತ್ತಿದೆ, ಇಪ್ಪತ್ತೇಳು ವರ್ಷ ಬಸ್ ಡಿಪೋದಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿದ ಹೆಡ್ ಮೆಕ್ಯಾನಿಕ್ಕಿನ ಕಿವಿ ಇದು, ಇದಕ್ಕೆ ಟೋಪಿ ಹಾಕಿದವರಿಲ್ಲ, ಆದರೂ ಎಂಟು ತಿಂಗಳಿಂದ ತನ್ನ ಮನೆಯ ಅಡುಗೆಕಟ್ಟೆಯ ಮೇಲಿನ ಈ ಸದ್ದು ಅವನ ಕಿವಿಗೆ ಬಿದ್ದಿಲ್ಲ, ಹೇಗೆ ಬೀಳಬೇಕು, ಈ ಹೊತ್ತಿಗೆ ಅವನು ಪಾರ್ಕಿನಲ್ಲಿ ಕೈ ಬೀಸಿಕೊಂಡು ಮೂರನೇ ಸುತ್ತು ಹೊಡೆಯುತ್ತಿರುತ್ತಾನೆ, ಇವತ್ತು ಮಾತ್ರ ಗೇಟಿನವರೆಗೆ ಹೋದವನಿಗೆ ಮುಂದಕ್ಕೆ ಕಾಲೇ ಏಳಲಿಲ್ಲ, ನಿನ್ನೆ ಆಸ್ಪತ್ರೆಯಲ್ಲಿ ನೋಡಿದ ಬ್ಯಾಂಡೇಜಿನ ಪಾದ ಅಡ್ಡ ಬಂದು ನಿಂತಿತು, ವಾಪಸ್ ಬಂದು ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಹೆಂಡತಿಗೆ ಗೊತ್ತಾಗಿಲ್ಲ, ಅವಳ ಮೊಣಕೈ ಪಕ್ಕ ಹರಿದ ಮಾತ್ರೆಪಟ್ಟಿ, ಕಲ್ಲಿನ ಕುಟ್ಟಾಣಿ, ಅವಳು ಗುಂಡನ್ನು ಎತ್ತುತ್ತಾಳೆ, ಗುಂಡಿನ ತುದಿಯಲ್ಲಿ ಬಿಳಿ ಪುಡಿ.

ಏನೇ ಅದು, ಅಂದ. ಬೆಚ್ಚುತ್ತಾಳೆ ಅಂದುಕೊಂಡಿದ್ದ, ಬೆಚ್ಚಲಿಲ್ಲ, ತಿರುಗಿ ನೋಡಿ ಸೆರಗಿನಲ್ಲಿ ಕೈ ಒರೆಸಿಕೊಂಡಳು, ನಿಮ್ಮ ಮಾತ್ರೆ, ಇನ್ನೇನು, ಅಂದಳು, ಹಾಲಿನವನು ಬಂದ ಅಂದ ಹಾಗೆ — ನನ್ನ ಮಾತ್ರೆ, ನಾನು ಬಿಟ್ಟ ಮಾತ್ರೆ, ಬರೀ ನಡಿಗೆ, ಪಥ್ಯ, ಮೆಂತ್ಯದ ನೀರು, ಉಸಿರಾಟದ ವ್ಯಾಯಾಮ, ಇಷ್ಟರಲ್ಲೇ ಸಕ್ಕರೆಯನ್ನು ಇನ್ನೂರ ಎಂಬತ್ತರಿಂದ ನೂರ ಮೂವತ್ತಕ್ಕೆ ಇಳಿಸಿದವನು ಎಂದು ಡಿಪೋದ ಕ್ಯಾಂಟೀನಿನಲ್ಲಿ ಎದೆ ತಟ್ಟಿಕೊಂಡವನು ನಾನು, ಮೆಂತ್ಯ ಮೇಷ್ಟ್ರು ಎಂದು ಹುಡುಗರೆಲ್ಲ ಕರೆಯುತ್ತಿದ್ದರು, ಕರೆಯಲಿ ಬಿಡು ಎಂದು ಒಳಗೊಳಗೇ ಉಬ್ಬುತ್ತಿದ್ದ, ದಿನಾ ನಡಿಗೆ ಮುಗಿಸಿ ಬಂದಾಗ ಲೋಟ ತುಂಬಾ ಕಹಿ, ಮೂಗು ಹಿಡಿದು ಗಟಗಟ ಕುಡಿದು, ಕಹಿ ಇದ್ದಷ್ಟೂ ಗುಣ ಜಾಸ್ತಿ ಕಣೇ ಎಂದು ಅವಳಿಗೇ ಪಾಠ ಹೇಳುತ್ತಿದ್ದ, ಅವಳು ಲೋಟ ಇಸಿದುಕೊಂಡು ತಳ ನೋಡುತ್ತಿದ್ದಳು, ಪೂರ್ತಿ ಕುಡಿದನೋ ಇಲ್ಲವೋ ಎಂದು, ಎಂಥಾ ಕಾಳಜಿ ಅಂದುಕೊಂಡಿದ್ದ, ಥೂ.

ಯಾರನ್ನು ಬೈಯಬೇಕು ಈಗ, ಆರೋಗ್ಯ ತರಗತಿಯ ಟೀಚರಮ್ಮನನ್ನು ಬೈಯೋಣವೆಂದರೆ ಆಕೆ ಮೊದಲ ದಿನವೇ ಕೈ ಮುಗಿದು ಹೇಳಿದ್ದಳು, ನಡೀರಿ, ಪಥ್ಯ ಮಾಡಿ, ಆದ್ರೆ ಡಾಕ್ಟ್ರನ್ನ ಕೇಳದೆ ಮಾತ್ರೆ ಬಿಡಬೇಡಿ ಅಣ್ಣಾ, ಅವನಿಗೆ ಮೊದಲರ್ಧ ಕೇಳಿಸಿತ್ತು, ಡಾಕ್ಟರಮ್ಮನನ್ನು ಬೈಯೋಣವೆಂದರೆ — ಅಯ್ಯೋ, ಡಾಕ್ಟರಮ್ಮ, ತಪಾಸಣೆಗೆ ಹೋದ ದಿನ ಆಕೆ ಇವನನ್ನು ಬಿಟ್ಟು ಹೆಂಡತಿಯನ್ನೇ ಕೇಳಿದ್ದು, ಯಜಮಾನರು ಮಾತ್ರೆ ತಪ್ಪದೆ ತಗೋತಾರಾ, ಒಂದು ದಿನಾನೂ ತಪ್ಪಿಲ್ಲ ಮೇಡಂ ಎಂದು ಇವಳು ಮುಖ ಕೆಡಿಸಿಕೊಳ್ಳದೆ ಅಂದದ್ದು, ನೆಲ ನೋಡಿಕೊಂಡು, ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೇ ಹೊಟ್ಟೆ ಹಿಡಿದು ನಕ್ಕಿದ್ದ ಅವನು, ಎಂಥಾ ಸುಳ್ಳಿ ಕಣೇ ನೀನು, ನನ್ನ ಮಾನ ಉಳಿಸಿದೆ, ಅವಳು ಬಸ್ಸು ಬಂತು ನಡೀರಿ ಅಂದಿದ್ದಳು, ಅಷ್ಟೇ, ಎದುರಿಗೇ ನಿಜ ಹೇಳಿದ್ದಳು, ಅವನು ಸುಳ್ಳೆಂದು ಮೆಚ್ಚಿಕೊಂಡಿದ್ದ.

ಬೂಟು ಎಸೆದ, ಅದು ಗೋಡೆಗೆ ಬಡಿದು ಬಿತ್ತು, ಎಂಟು ತಿಂಗಳು, ಎಂಟು ತಿಂಗಳು ನನ್ನ ಮಂಗ ಮಾಡಿದೆಯಲ್ಲೇ, ಇಲಿಗೆ ಪಾಷಾಣ ಇಟ್ಟ ಹಾಗೆ ಬೆರೆಸಿ ಕೊಟ್ಟೆಯಲ್ಲೇ. ಪಾಷಾಣ ಅಲ್ಲ, ಔಷಧಿ, ಅಂದಳು. ಹೇಳೋಕೇನಾಗಿತ್ತು ನಿಂಗೆ. ಹೇಳಿದ್ದೆ, ವಾರವಿಡೀ ಹೇಳಿದ್ದೆ, ಏಳನೇ ದಿನ ತಟ್ಟೆ ಎಸೆದ್ರಿ, ಆ ಗೋಡೇಲಿ ಇನ್ನೂ ಗುರುತಿದೆ ನೋಡಿ. ನೋಡಿದ, ಇತ್ತು, ಈಗ ಬೂಟು ಬಡಿದದ್ದೂ ಅಲ್ಲೇ. ನಿಮ್ಮಪ್ಪನಿಗೆ ಇದೇ ಕಾಯಿಲೇಲಿ ಕಣ್ಣು ಹೋದ್ಮೇಲೆ ಆರು ವರ್ಷ ಕೈ ಹಿಡಿದು ಬಚ್ಚಲಿಗೆ ನಡೆಸಿದವಳು ನಾನು, ನೀವು ಬಸ್ಸಿನ ಕೆಳಗೆ ಮಲಗಿರ್ತಿದ್ರಿ, ಇನ್ನೊಂದು ಸಲ ನನ್ನ ಕೈಲಾಗಲ್ಲ ರೀ, ಅಂದಳು, ಹರಿದ ಪಟ್ಟಿ ಎತ್ತಿ ತೋರಿಸಿ, ಎರಡು ಮಾತ್ರೆ ಇದ್ದದ್ದು ಒಂದಾಗಿದೆ, ಡಾಕ್ಟರಮ್ಮನೇ ಚೀಟೀಲಿ ಬರೆದಿದ್ದಾರೆ, ಅದು ನೀವು ನಡೆದದ್ದಕ್ಕೇ, ಅಂದಳು — ಸಮಾಧಾನ ಹೇಳುತ್ತಾಳೆ ನೋಡು, ಮಗುವಿಗೆ ಹೇಳಿದ ಹಾಗೆ, ಒಂದಾಗಿದೆಯಂತೆ, ಒಂದು, ಆದರೆ ಟೈರಣ್ಣನಿಗೆ ಆ ಒಂದೂ ಇರಲಿಲ್ಲ.

ಟೈರಣ್ಣ, ಟೈರ್ ವಿಭಾಗದವನು, ಹದಿನೈದು ವರ್ಷ ಒಂದೇ ಬೆಂಚಿನಲ್ಲಿ ಕೂತು ಉಂಡವನು, ಅವನಿಗೂ ಸಕ್ಕರೆ, ಆ ಮಾತ್ರೆ ಕಸದ ಡಬ್ಬಿಗೆ ಹಾಕೋ ಮಾರಾಯ, ನನ್ನ ನೋಡು ಎಂದು ಅವನ ಊಟದ ಡಬ್ಬಿಯಿಂದ ಮಾತ್ರೆಪಟ್ಟಿ ಕಿತ್ತುಕೊಂಡು ಎಸೆದದ್ದು ಈ ಕೈ, ಅಣ್ಣಾ ನೀವು ಹೇಳಿದ ಮೇಲೆ ಮುಗೀತು ಎಂದು ನಕ್ಕಿದ್ದ ಅವನು, ಐದು ತಿಂಗಳು ಜೊತೆಯಲ್ಲೇ ನಡೆದ, ಅಷ್ಟೇ ಸುತ್ತು, ಅದೇ ಮೆಂತ್ಯ, ಅವನ ಸಕ್ಕರೆ ಮಾತ್ರ ಏರುತ್ತಲೇ ಹೋಯಿತು, ಇನ್ನೂ ಜೋರಾಗಿ ನಡಿಯೋ ಎಂದು ಇವನು ಗದರಿದ್ದ, ಕೊನೆಗೆ ಟೈರಿನಿಂದ ಮೊಳೆ ಕೀಳುವುದರಲ್ಲೇ ಆಯಸ್ಸು ಕಳೆದವನ ಕಾಲಿಗೇ ಮೊಳೆ ಹೊಕ್ಕು ಎರಡು ದಿನ ಅವನಿಗೆ ಗೊತ್ತಾಗಲಿಲ್ಲ, ಪಾದ ಅಷ್ಟು ಸತ್ತುಹೋಗಿತ್ತು, ಎರಡು ಬೆರಳು ತೆಗೆದರು, ನಿನ್ನೆ ಮಂಚದ ಮೇಲಿಂದ ಕೈ ಹಿಡಿದುಕೊಂಡು, ಅಣ್ಣಾ ನಾನೇ ಎಲ್ಲೋ ತಪ್ಪಿದೆ, ಮೆಂತ್ಯ ಸರಿಯಾಗಿ ಕುಟ್ಟಲಿಲ್ಲವೇನೋ, ಅಂದ, ಇವನು ಏನಂದ, ಕದ್ದು ಸಿಹಿ ತಿಂದಿರ್ತೀಯ ಕಳ್ಳ, ಅಂದ, ಬೆರಳು ಹೋದವನಿಗೆ, ಟೈರಣ್ಣನ ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು.

ಅವನಿಗಾದರೂ ಒಂದು ಮಾತು ಹೇಳಬಾರದಿತ್ತೇನೇ ಪಾಪಿ. ನೀವು ಅವ್ರ ಮಾತ್ರೇನೂ ಬಿಡಿಸಿದ್ದೀರಿ ಅಂತ ನಂಗೇನು ಕನಸು ಬಿದ್ದಿತ್ತಾ, ನಿನ್ನೆ ಆಸ್ಪತ್ರೇಲಿ ಅವ್ರ ಬಾಯಲ್ಲೇ ಕೇಳಿದ್ದು. ಗೊತ್ತಾದ ಮೇಲೂ ಇವತ್ತು ಕುಟ್ತಾ ಇದ್ದೀಯಲ್ಲ. ಇವತ್ತು ನಿಮ್ಮ ಕಾಯಿಲೆ ಓಡಿಹೋಯ್ತಾ, ಅಂದಳು, ಪುಡಿಯನ್ನು ಮೆಂತ್ಯದ ನೀರಿಗೆ ಸುರಿದು ಲೋಟ ಚಾಚಿದಳು, ಈಗ ನೀವೇ ನೋಡ್ಕೊಂಡು ಕುಡೀರಿ. ಕುಡಿದ, ಅದೇ ಕಹಿ, ಅದರಲ್ಲಿ ಎಷ್ಟು ಮೆಂತ್ಯದ್ದು, ಎಷ್ಟು ಇವಳದ್ದು, ಕತ್ತು ಹಿಸುಕಬೇಕು ಅನ್ನಿಸಿತು, ಯಾರದ್ದು ಎಂದು ಗೊತ್ತಾಗಲಿಲ್ಲ, ಅವಳು ಕುಟ್ಟಾಣಿಯನ್ನು ನಲ್ಲಿಯ ಕೆಳಗೆ ಹಿಡಿದಳು, ತೊಳೀಬೇಡ ಎಂದು ಕಿರುಚಿ ಗುಂಡನ್ನು ಕಿತ್ತುಕೊಂಡ, ಆಸ್ಪತ್ರೆಯಲ್ಲಿ ಹತ್ತು ಗಂಟೆಗೆ ಒಳಗೆ ಬಿಡುತ್ತಾರೆ, ಹೋಗಬೇಕು, ಮಂಚದ ಪಕ್ಕ ಸ್ಟೂಲು ಎಳೆದು ಕೂರಬೇಕು, ನೀನು ಸರಿಯಾಗೇ ಕುಟ್ಟಿದ್ದೆ ಕಣೋ ಅನ್ನಬೇಕು, ನಿನ್ನದು ಬರೀ ಮೆಂತ್ಯ, ನನ್ನದರಲ್ಲಿ — ಅವನು ಅಣ್ಣಾ ಎಂದು ಕಣ್ಣೆತ್ತಿ ನೋಡುತ್ತಾನೆ, ಆಗ ಇದನ್ನು ಜೇಬಿನಿಂದ ತೆಗೆದು ತೋರಿಸಬೇಕು, ತೋರಿಸಿ, ತೋರಿಸಿ ಏನನ್ನಬೇಕು, ಅಲ್ಲಿಗೆ ಬಂದು ನಿಲ್ಲುತ್ತದೆ, ಮತ್ತೆ ಮೊದಲಿಂದ, ಹತ್ತು ಗಂಟೆ, ಸ್ಟೂಲು, ನೀನು ಸರಿಯಾಗೇ ಕುಟ್ಟಿದ್ದೆ ಕಣೋ, ಅಣ್ಣಾ — ಮುಷ್ಟಿಯಲ್ಲಿ ತಣ್ಣಗಿನ ಕಲ್ಲಿನ ಗುಂಡು, ಅದರ ತುದಿಯಲ್ಲಿ ಬಿಳಿ ಪುಡಿ.