ಗೋಡೆ ಬೆವರುವ ಕಾಲ

ದಕ್ಷಿಣ ಚೀನಾದ ದೊಂಗ್‌ಗುವಾನಿನಲ್ಲಿ ಚಳಿ ಮುಗಿದು ತೆಂಕಣ ಗಾಳಿ ಬೀಸತೊಡಗಿದರೆ ಗೋಡೆಗಳು ಬೆವರುತ್ತವೆ. ನೆಲ ಒರೆಸಿದಷ್ಟೂ ಒದ್ದೆ. ಒಗೆದು ಹಾಕಿದ ಬಟ್ಟೆ ವಾರವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಕಾರ್ಖಾನೆ ಕೊಟ್ಟ ಎಂಟು ಮಂಚಗಳ ನಮ್ಮ ಕೋಣೆಯಲ್ಲಿ ರಜಾಯಿಗಳು ನೀರು ಕುಡಿದು ಭಾರ. ಊರಿಂದ ತಂದ ಮೆಣಸಿನಕಾಯಿ ಉಪ್ಪಿನಕಾಯಿಗೂ ಬೂಷ್ಟು. ಆ ಕಾಲದಲ್ಲಿ ತೆಂಕಣ ಕಿಟಕಿ ತೆರೆಯುವವನಂಥ ಪೆದ್ದ ಇನ್ನೊಬ್ಬನಿಲ್ಲ.

ನಾವು ಆಟಿಕೆ ವಿಮಾನಗಳ ಪುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದೆವು. ಕೂದಲಿಗಿಂತ ತೆಳ್ಳಗಿನ ತಂತಿ. ಸುತ್ತಿ ಸುತ್ತಿ ಬೆರಳ ತುದಿ ಸತ್ತುಹೋಗಿತ್ತು. ಬಿಸಿ ಗಂಜಿಯ ಬಟ್ಟಲು ಹಿಡಿದರೂ ಬಿಸಿ ತಿಳಿಯುತ್ತಿರಲಿಲ್ಲ. ಗೇಟಿನ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿದರೆ ಅದು ನಮ್ಮನ್ನು ಗುರುತೇ ಹಿಡಿಯುತ್ತಿರಲಿಲ್ಲ.

ಆ ವರ್ಷ ಅಮೆರಿಕಕ್ಕೂ ನಮ್ಮವರಿಗೂ ಜಗಳ ಜೋರಾಯಿತು. ಅವರು ನಮ್ಮ ಸಾಮಾನಿನ ಮೇಲೆ ಸುಂಕ ಏರಿಸಿದರು. ನಮ್ಮವರು ಮೋಟಾರಿಗೆ ಬೇಕಾದ ಅಯಸ್ಕಾಂತ ಹೊರಗೆ ಹೋಗದಂತೆ ಬಿಗಿ ಮಾಡಿದರು. ಇಂಥ ಮೋಟಾರು ಬಾಂಬು ಹೊರುವ ವಿಮಾನಕ್ಕೂ ಆಗುತ್ತದೆಂದು ಕ್ಯಾಂಟೀನಿನ ಟೀವಿಯಲ್ಲಿ ಯಾರೋ ಹೇಳಿದರು. ನಮಗೆ ಬರುತ್ತಿದ್ದ ಆರ್ಡರ್ ನಿಂತುಹೋಯಿತು.

"ನಾವು ಇಷ್ಟು ದಿನ ಬಾಂಬಿನ ಕೆಲ್ಸ ಮಾಡ್ತಿದ್ವೇನೇ ಲಾನ್?" ಎಂದು ಓಯಾಂಗ್ ಅಕ್ಕ ನನ್ನನ್ನು ಕೇಳಿದಳು. "ಮೊದ್ಲೇ ಗೊತ್ತಿದ್ರೆ ಸಂಬಳ ಜಾಸ್ತಿ ಕೇಳ್ತಿದ್ದೆ."

ಅಕ್ಕ ಹುನಾನ್ ಪ್ರಾಂತ್ಯದವಳು. ಸಾಲಿನ ಮೊದಲ ಮಿಷನ್ ಅವಳದು. ನನಗೆ ಕೆಲಸ ಕಲಿಸಿದವಳೂ ಅವಳೇ.

ಕೂಲಿ ಮಾಡುವವರಿಗೆಲ್ಲ ಒಂದು ವಿಷಯ ಗೊತ್ತು. ಮಿಷನ್ ಒಳಗಿರುವ ತನಕ ಧಣಿ ಕೈಗೆ ಸಿಗುತ್ತಾನೆ. ಕೆಲಸದಿಂದ ತೆಗೆದರೆ ದುಡಿದ ವರ್ಷಗಳಿಗೆ ಪರಿಹಾರ ಕೊಡು ಎಂದು ಕೇಳಬಹುದು. ಮಿಷನ್ ಹೊರಟುಹೋದರೆ ಉಳಿಯುವುದು ಖಾಲಿ ಶೆಡ್ಡು, ಅದೂ ಬಾಡಿಗೆಯದು. ಹಾಗಾಗಿ ಆರ್ಡರ್ ನಿಂತ ಕಡೆಯೆಲ್ಲ ಜನ ಸರದಿಯ ಮೇಲೆ ಗೇಟು ಕಾಯುತ್ತಾರೆ. ನಾವೂ ಕಾಯುತ್ತಿದ್ದೆವು.

ಒಂದು ದಿನ ನಮ್ಮ ಸಾಲಿನ ಮೇಸ್ತ್ರಿ ತಾನ್ ಬಂದ. "ಕೆಲ್ಸ ಇಲ್ಲ ಅಂತ ಸುಮ್ನೆ ಕೂರ್ಬೇಡಿ. ಗೋಡೆ ಬೆವರ್ತಾ ಇದೆ. ತುಕ್ಕು ಹಿಡೀದ ಹಾಗೆ ಮಿಷನ್‌ಗೆ ಎಣ್ಣೆ ಬಳಿದು ಪ್ಲಾಸ್ಟಿಕ್ ಸುತ್ತಿ. ಈ ಸಲ ಅಡೀಗೂ ಸುತ್ತಿ, ಮೂಲೇಗೆ ಸ್ಪಂಜ್ ಇಡಿ."

"ಅಡೀಗ್ಯಾಕೆ?" ಎಂದೆ.

"ನೆಲದಿಂದಾನೂ ನೀರು ಬರುತ್ತಲ್ಲಮ್ಮಾ!"

ಹೌದಲ್ಲ ಎನ್ನಿಸಿತು. ಪ್ರತಿ ವರ್ಷ ಈ ಕಾಲಕ್ಕೆ ಸುತ್ತುತ್ತೇವೆ. ಕೆಲಸ ಸಿಕ್ಕಿತೆಂದು ಖುಷಿಯೂ ಆಯಿತು. ಅಕ್ಕ ತನ್ನ ಮಿಷನ್ನಿಗೆ ಹಳೇ ಬನಿಯನ್ ತುಂಡಿನಿಂದ ಎಣ್ಣೆ ಉಜ್ಜಿದಳು, ಮಗುವಿಗೆ ಎಣ್ಣೆನೀರು ಮಾಡಿಸುವ ಹಾಗೆ. ಪ್ಲಾಸ್ಟಿಕ್ಕಿನ ಅಂಚುಗಳಿಗೆ ನಾನು ಟೇಪು ಹಚ್ಚಿದೆ. ಎಲ್ಲೂ ಒಂದು ಸಂದೂ ಬಿಡಲಿಲ್ಲ.

ಮಾರನೆಯ ಮಧ್ಯಾಹ್ನ ಗೇಟಿಗೆ ಲಾರಿಗಳು ಬಂದವು. ಮೋಟಾರಿನ ಹಳೇ ಸರಕು ಒಯ್ಯಲು ಬಂದಿವೆ ಎಂದು ತಾನ್ ಹೇಳಿದ. ನಂಬಿ ಒಳಗೆ ಬಿಟ್ಟೆವು. ಮುಂದಿನ ಲಾರಿಯ ಡ್ರೈವರು ಇಳಿದು ಟೀ ಫ್ಲಾಸ್ಕಿಗೆ ಬಿಸಿನೀರು ಕೇಳಿದ. ಅಕ್ಕನೇ ಹಾಕಿ ಕೊಟ್ಟಳು.

"ಗಡೀಲಿ ಕ್ಯೂ ಇರುತ್ತೆ, ಬೇಗ ಹೊರಡ್ಬೇಕು," ಎಂದ ಅವನು.

"ಯಾವ ಗಡೀನಪ್ಪಾ?"

"ವಿಯೆಟ್ನಾಂ ಗಡಿ. ಬೇರೆ ಕಡೆ ಮಿಷನ್ ಪ್ಯಾಕ್ ಮಾಡೋಕೇ ಎರಡು ದಿನ ಕಾಯಿಸ್ತಾರೆ. ಇಲ್ಲಿ ಎಲ್ಲಾ ರೆಡಿ. ಏನು ಚೆನ್ನಾಗಿ ಸುತ್ತಿದಾರೆ! ಯಾರು ಸುತ್ತಿದ್ದು?"

ಅಕ್ಕ ಬಿಸಿನೀರಿನ ಕೆಟಲನ್ನು ಕೆಳಗಿಟ್ಟಳು. "ನಾವೇ," ಎಂದಳು.

ನನಗೆ ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಏನೂ ಬರಲಿಲ್ಲ. ಬೆರಳ ತುದಿಯ ಜೋಮು ಎದೆಯ ತನಕ ಏರಿದಂತಿತ್ತು. ಅಕ್ಕ ಶೆಡ್ಡಿನೊಳಗೆ ನಡೆದಳು, ನಾವೆಲ್ಲ ಅವಳ ಹಿಂದೆ ಹೋದೆವು. ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟೆವು.

ಸಂಜೆಯೊಳಗೆ ತಾನ್ ಸರಕಾರಿ ಕಚೇರಿಯವನೊಬ್ಬನನ್ನು ಕರೆತಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು.

"ತಾಯಂದಿರಾ, ಇದು ಎರಡು ದೊಡ್ಡ ದೇಶಗಳ ಜಗಳ. ದೇಶದ ಭದ್ರತೆಯ ಪ್ರಶ್ನೆ. ಎಲ್ಲರೂ ಸ್ವಲ್ಪ ನೋವು ನುಂಗಬೇಕು."

"ಧಣಿ ಎಷ್ಟು ನುಂಗಿದ್ರು ಸಾರ್?" ಎಂದಳು ಅಕ್ಕ.

"ಅವರಿಗೂ ನಷ್ಟ ಆಗಿದೆ."

"ವಿಯೆಟ್ನಾಂನಲ್ಲಿ ಸುತ್ತಿದ ಮೋಟಾರು ಎಲ್ಲಿಗೆ ಹೋಗುತ್ತೆ?"

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದುವರಿಸಿದಳು:

"ಅಮೆರಿಕಕ್ಕೇ ತಾನೇ? ಕೊಳ್ಳೋರು ಅವ್ರೇ, ಮಾರೋರು ನಮ್ಮ ಧಣೀನೇ, ಮಿಷನ್ನೂ ಅದೇ. ಜಗಳ ಆಗಿದ್ದು ನಮ್ಮ ಜೊತೆ ಮಾತ್ರಾನಾ?"

"ಅದೆಲ್ಲ ನಿಮಗೆ ಅರ್ಥ ಆಗಲ್ಲ. ದಾರಿ ಬಿಡಿ. ಇಲ್ಲಾಂದ್ರೆ ಪೊಲೀಸರನ್ನ ಕರೀಬೇಕಾಗುತ್ತೆ."

ಅಕ್ಕ ಎದ್ದಳು. ದಾರಿ ಬಿಡುತ್ತಾಳೆಂದೇ ನಾನೂ ಅಂದುಕೊಂಡೆ. ಅವಳು ನೇರ ತನ್ನ ಮಿಷನ್ ಹತ್ತಿರ ಹೋಗಿ, ನಾನು ಹಚ್ಚಿದ್ದ ಟೇಪನ್ನು ಉಗುರಿನಿಂದ ಕಿತ್ತು ಪ್ಲಾಸ್ಟಿಕ್ ಎಳೆದು ಹಾಕಿದಳು. ಬನಿಯನ್ ತುಂಡಿನಿಂದ ಎಣ್ಣೆಯನ್ನೆಲ್ಲ ಒರೆಸಿ ತೆಗೆದಳು. ಆಮೇಲೆ ತೆಂಕಣ ಕಿಟಕಿಗಳನ್ನು ಒಂದೊಂದಾಗಿ ತೆರೆದಳು.

ಹಸಿ ಗಾಳಿ ಒಳಗೆ ನುಗ್ಗಿತು. ನಮಗೆ ಹೇಳಬೇಕಾಗಿರಲಿಲ್ಲ. ಎಲ್ಲರೂ ಎದ್ದು ತಂತಮ್ಮ ಮಿಷನ್ ಬಿಚ್ಚಿದೆವು.

"ಅಯ್ಯಯ್ಯೋ, ಕಿಟಕಿ ಮುಚ್ಚಿ! ತುಕ್ಕು ಹಿಡಿಯುತ್ತೆ!" ತಾನ್ ಬಾಯಿ ಬಡಿದುಕೊಂಡ. "ಅಕ್ಕಾ, ನೀನೇ ಎಣ್ಣೆ ಹಾಕಿ ಸಾಕಿದ ಮಿಷನ್ ಅಲ್ವಾ ಇದು?"

"ಹೌದಪ್ಪಾ. ಅದಕ್ಕೇ ಎಲ್ಲಿಂದ ತುಕ್ಕು ಶುರುವಾಗುತ್ತೆ ಅಂತ ನಂಗೆ ಗೊತ್ತು." ಅಕ್ಕ ಕೂತಳು. "ಧಣೀನ ಬರೋಕೆ ಹೇಳು. ನಮ್ಮ ಪರಿಹಾರ ಕೊಡ್ಲಿ. ಆಮೇಲೆ ನಾವೇ ಎಣ್ಣೆ ಬಳಿದು ಸುತ್ತಿ ಕೊಡ್ತೀವಿ. ನಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ, ಡ್ರೈವರನ್ನ ಕೇಳು."

ಕಚೇರಿಯವನು ಫೋನು ಹಿಡಿದು ಹೊರಗೆ ಹೋದ. ಧಣಿಗೆ ಮಾಡಿದನೋ ಪೊಲೀಸರಿಗೋ ಗೊತ್ತಾಗಲಿಲ್ಲ. ಹೊರಗೆ ಲಾರಿಗಳು ಎಂಜಿನ್ ಆರಿಸಿದವು. ನನ್ನ ಮಿಷನ್ನಿನ ತಂತಿ ಸುತ್ತುವ ಹೊಳೆಯುವ ಕದಿರಿನ ಮೇಲೆ ಸಣ್ಣ ಸಣ್ಣ ಹನಿಗಳು ಮೂಡಿದವು. ಅಭ್ಯಾಸ ನೋಡಿ, ನನ್ನ ಕೈ ತಾನಾಗಿಯೇ ಒರೆಸುವ ಬಟ್ಟೆಗಾಗಿ ತಡಕಾಡಿತು.

ಬಟ್ಟೆ ಸಿಕ್ಕಿತು. ಅದನ್ನು ಮಡಿಸಿ ಒದ್ದೆ ನೆಲಕ್ಕೆ ಹಾಸಿ, ಅದರ ಮೇಲೆ ಕೂತೆ.